ಒಂದು ಜ್ವರ, ಹಲವು ವೈದ್ಯಪದ್ಧತಿಗಳು



ಸಕಲೇಶಪುರ, ಆಲೂರುಗಳ ಗುಡ್ಡಗಳನ್ನು ನೀವು ಕಾಫಿ, ಏಲಕ್ಕಿಗಳ ನಾಡೆಂದು ಬಲ್ಲಿರಿ. ನಿಮ್ಮ ಮುತ್ತಜ್ಜಂದಿರ ಕಾಲದಲ್ಲಿ ಈ ಸೀಮೆಯನ್ನು ಚಳಿಜ್ವರ, ಅಂದರೆ ಮಲೇರಿಯಾ ಕಾಡುತ್ತಿತ್ತು. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದವರೂ ಊರವರೂ ಕಂಬಳಿ ಹೊದ್ದು ನಡುಗುತ್ತ ಮಲಗುತ್ತಿದ್ದರು. ಇಂಥ ಜ್ವರಕ್ಕೆ ಯಾವ ಮದ್ದು? ವೈದ್ಯಪದ್ಧತಿಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಜಾಡು ಹಿಡಿದೇ ನೋಡೋಣ.

ಆಯುರ್ವೇದವು ಬಿಟ್ಟು ಬಿಟ್ಟು ಬರುವ ಜ್ವರವನ್ನು ವಿಷಮಜ್ವರ ಎಂದು ಕರೆಯಿತು. ದಿನ ಬಿಟ್ಟು ದಿನ ಬರುವುದು, ಎರಡು ದಿನ ಬಿಟ್ಟು ಬರುವುದು ಎಂದು ಅದನ್ನು ವಿಂಗಡಿಸಿತು. ಹಿಂದಿನ ವೈದ್ಯರು ರೋಗಿಯನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತಿದ್ದರೆಂಬುದಕ್ಕೆ ಇದು ಸಾಕ್ಷಿ. ಮನೆಗಳಲ್ಲಿ ಜ್ವರಕ್ಕೆ ಅಮೃತಬಳ್ಳಿ, ನೆಲಬೇವುಗಳ ಕಷಾಯ ಕುಡಿಸುತ್ತಿದ್ದರು.

ದಕ್ಷಿಣ ಅಮೆರಿಕದ ಸಿಂಕೋನಾ ತೊಗಟೆಯೂ ಮೊದಲು ಇಂಥದೇ ನಾಟಿಮದ್ದು. 1790ರಲ್ಲಿ ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ ಅದನ್ನು ಸ್ವತಃ ಸೇವಿಸಿ, ತಮಗೆ ಚಳಿಜ್ವರದಂಥ ಲಕ್ಷಣಗಳು ಕಂಡವೆಂದು ಬರೆದರು. ಆ ಯೋಚನೆಯಿಂದ ಹೋಮಿಯೋಪತಿ ಹುಟ್ಟಿತು. 1820ರಲ್ಲಿ ಫ್ರಾನ್ಸಿನ ಪೆಲ್ತಿಯೇ ಮತ್ತು ಕವಾಂತೂ ಅದೇ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ಹೀಗೆ ಒಂದು ತೊಗಟೆಯಿಂದ ಎರಡು ದಾರಿಗಳು ಕವಲೊಡೆದವು.

1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡರು. ರೋಗದ ಮೂಲ ತಿಳಿದ ಮೇಲೆ ಮದ್ದನ್ನು ಅಳೆಯುವ ಕ್ರಮವೇ ಬದಲಾಯಿತು. ರಕ್ತದಲ್ಲಿರುವ ಆ ಜೀವಿಯನ್ನು ಮದ್ದು ಕೊಲ್ಲುತ್ತದೆಯೇ, ಇಲ್ಲವೇ? ಕ್ವಿನೈನ್ ಈ ಪರೀಕ್ಷೆಯಲ್ಲಿ ಗೆದ್ದಿತು. ಮಲೇರಿಯಾಕ್ಕೆ ಹೋಮಿಯೋಪತಿಯನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಎಚ್ಚರಿಸಿತು. ಮಲೆನಾಡಿನ ತೊರೆಗಳ ತಿಳಿನೀರಿನಲ್ಲೂ ಈ ಸೊಳ್ಳೆ ಬೆಳೆಯುತ್ತಿತ್ತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸಿದ್ದು ಇದಕ್ಕಾಗಿಯೇ.

ಇನ್ನು ಯೋಗ. ಮನಸ್ಸು, ದೇಹ ಎರಡನ್ನೂ ಒಟ್ಟಿಗೆ ಪಳಗಿಸುವ ಈ ವಿದ್ಯೆಯ ಆಧುನಿಕ ಚರಿತ್ರೆಗೂ ಹಾಸನ ಜಿಲ್ಲೆಗೂ ನಂಟಿದೆ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1920ರ ದಶಕದಲ್ಲಿ ಈ ಜಿಲ್ಲೆಯ ಕಾಫಿತೋಟವೊಂದರಲ್ಲಿ ಕೆಲಸಕ್ಕಿದ್ದರು. 1927ರಲ್ಲಿ ಹಾಸನದಲ್ಲಿ ಅವರ ಪ್ರಾತ್ಯಕ್ಷಿಕೆ ನೋಡಿದ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಪಟ್ಟಾಭಿ ಜೋಯಿಸ್ ಅವರ ಶಿಷ್ಯನಾದ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಬಡಕಲಾಗಿದ್ದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1934ರಲ್ಲಿ ಮೈಸೂರಿಗೆ ಬಂದು ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತರು. ಅಭ್ಯಾಸದಿಂದ ಅವರ ಮೈಗೆ ಕಸುವು ಮರಳಿತು. ಆದರೆ ಆಸನಗಳು ಮಲೇರಿಯಾದ ಪರೋಪಜೀವಿಯನ್ನು ಕೊಲ್ಲಲಾರವು. ಈ ಎರಡು ಮಾತುಗಳೂ ನಿಜ. ಒಂದನ್ನು ಒಪ್ಪಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಹೃದಯವನ್ನೇ ನಿಲ್ಲಿಸಬಲ್ಲೆವೆಂದ ಯೋಗಿಗಳನ್ನು ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ 1961ರಲ್ಲಿ ವರದಿ ಪ್ರಕಟಿಸಿದರು. ಉಸಿರು ಹಿಡಿದು ಸ್ನಾಯುಗಳನ್ನು ಬಿಗಿದಾಗ ನಾಡಿ ಕೈಗೆ ಸಿಗದಂತಾಗುತ್ತಿತ್ತು. ಇಸಿಜಿ ಯಂತ್ರದಲ್ಲಿ ಮಾತ್ರ ಹೃದಯದ ಮಿಡಿತ ಮೂಡುತ್ತಲೇ ಇತ್ತು. ಇದರಿಂದ ಯೋಗ ಸಣ್ಣದಾಗಲಿಲ್ಲ. ಅದರ ಶಕ್ತಿ ಎಲ್ಲಿದೆ, ಎಲ್ಲಿಲ್ಲ ಎಂಬುದು ಸ್ಪಷ್ಟವಾಯಿತು.

ಚೀನಾದ ತು ಯೂಯೂ ಹಳೆಯ ವೈದ್ಯಗ್ರಂಥವೊಂದರ ಸುಳಿವು ಹಿಡಿದು 1970ರ ದಶಕದಲ್ಲಿ ಗಿಡವೊಂದರಿಂದ ಆರ್ಟಿಮಿಸಿನಿನ್ ಎಂಬ ಮಲೇರಿಯಾ ಔಷಧವನ್ನು ಬೇರ್ಪಡಿಸಿದರು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಗ್ರಂಥ ಹಳೆಯದೆಂದು ಅವರು ಅದನ್ನು ತಳ್ಳಿಹಾಕಲಿಲ್ಲ, ಹಳೆಯದೆಂದೇ ನಂಬಿಬಿಡಲೂ ಇಲ್ಲ. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ತಮ್ಮ ಮೇಲೆ, ಬಳಿಕ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದರು.

ಆದ್ದರಿಂದ ಮಿತ್ರರೇ, ಮನೆಯಲ್ಲಿ ಯಾರಿಗಾದರೂ ನಡುಕದ ಜ್ವರ ಬಂದರೆ ಮೊದಲು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿ. ತಡವಾದರೆ ಈ ಜ್ವರ ಜೀವವನ್ನೇ ತೆಗೆದೀತು. ಜ್ವರ ಇಳಿದು ಮೈ ಚೇತರಿಸಿಕೊಂಡ ಮೇಲೆ ಬೆಳಗಿನ ಯೋಗಾಭ್ಯಾಸಕ್ಕೆ ಯಾರ ಅಡ್ಡಿಯೂ ಇಲ್ಲ.