ತೊಡೆ ಮೇಲಿನ ಮಗು: ಕಾರಿನ ಪುಟ್ಟ ಸೀಟಿನ ಕಥೆ

ಇವತ್ತು ಕಾರಿನಲ್ಲಿ ಮಕ್ಕಳು ಕೂರೋ ಸೀಟಿನ ಚರಿತ್ರೆ. ಈ ವಿಷಯ ಯಾಕೆ ಅಂತ ಮೊದಲು ಹೇಳ್ತೀನಿ.

ಕಳೆದ ತಿಂಗಳು ಮಳವಳ್ಳಿಯಿಂದ ಮದ್ದೂರಿಗೆ ಬರ್ತಿದ್ವಿ. ಕಾರು ಓಡಿಸ್ತಿದ್ದದ್ದು ನಾನು. ಪಕ್ಕದ ಸೀಟಿನಲ್ಲಿ ಅಕ್ಕ, ಅವಳ ತೊಡೆ ಮೇಲೆ ಹತ್ತು ತಿಂಗಳ ಮಗ. ಗದ್ದೆ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರ್ ಒಂದು ಏಕಾಏಕಿ ರಸ್ತೆಗೆ ಬಂತು. ಜೋರಾಗಿ ಬ್ರೇಕ್ ಹಾಕಿದೆ. ಡಿಕ್ಕಿ ತಪ್ಪಿತು, ಆದ್ರೆ ಮಗು ಅಕ್ಕನ ಕೈಯಿಂದ ಜಾರಿ ಅದರ ಹಣೆ ಡ್ಯಾಶ್‌ಬೋರ್ಡಿಗೆ ಬಡೀತು. ಊತ ಎರಡು ದಿನಕ್ಕೆ ಇಳೀತು. ಅವ್ವ ಹೇಳಿದ್ದು ಇಷ್ಟೇ: "ಮುಂದಿನ್ ಸಲ ನಾನ್ ಹಿಡ್ಕತೀನಿ ಬುಡು, ಏನೂ ಆಗಕಿಲ್ಲ."

ಅವ್ವನ ಈ ನಂಬಿಕೆ ಒಂದು ಕಾಲಕ್ಕೆ ಕಾನೂನಿನಲ್ಲೇ ಇತ್ತು.

1930ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಮಕ್ಕಳ ಸೀಟುಗಳ ಉದ್ದೇಶ ರಕ್ಷಣೆ ಆಗಿರಲಿಲ್ಲ. ಮಗು ಕಾರೊಳಗೆ ಓಡಾಡದೆ ಒಂದೇ ಕಡೆ ಕೂತಿರಲಿ, ಕಿಟಕಿಯಾಚೆ ನೋಡಲಿ ಅಂತ ಅಷ್ಟೇ. 1959ರಲ್ಲಿ ಸ್ವೀಡನ್‌ನ ವೋಲ್ವೋ ಕಂಪನಿಯ ನೀಲ್ಸ್ ಬೋಲಿನ್ ಇವತ್ತಿನ ಮೂರು ಬಿಂದುವಿನ ಬೆಲ್ಟ್ ಕೊಟ್ಟರು. ಅದು ದೊಡ್ಡವರ ಮೈಗೆ ಮಾಡಿದ್ದು. 1964ರ ಹೊತ್ತಿಗೆ ಅದೇ ದೇಶದ ಬರ್ಟಿಲ್ ಆಲ್ಡ್‌ಮನ್ ಮಗುವಿನ ಸೀಟನ್ನು ಹಿಂದಕ್ಕೆ ತಿರುಗಿಸಿದರು. ಗಗನಯಾತ್ರಿಗಳು ಬೆನ್ನು ಒರಗಿಸಿ ಕೂರೋದನ್ನ ನೋಡಿ ಹೊಳೆದ ಉಪಾಯ ಅದು. ಎಳೆ ಮಗುವಿನ ತಲೆ ಭಾರ, ಕುತ್ತಿಗೆ ಮೆತ್ತಗೆ. ಮುಖ ಹಿಂದಕ್ಕಿದ್ರೆ ಡಿಕ್ಕಿಯ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತೆ.

ಇನ್ನು ಕಾನೂನಿನ ವಿಷಯ. ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಪಟ್ಟು ಹಿಡಿದು ಹೋರಾಡಿದ್ದರಿಂದ 1978ರಲ್ಲಿ ಆ ದೇಶದ ಮೊದಲ ಮಕ್ಕಳ ಸೀಟು ಕಾನೂನು ಜಾರಿಗೆ ಬಂತು. ಆದ್ರೆ ಒಂದು ವಿನಾಯಿತಿ ನುಸುಳಿತ್ತು: ದೊಡ್ಡವರು ಎತ್ತಿಕೊಂಡಿದ್ರೆ ಸೀಟು ಬೇಡ! ಆ ವಿನಾಯಿತಿಗೆ ವಿರೋಧಿಗಳು 'ಮಗು ಜಜ್ಜುವ ತಿದ್ದುಪಡಿ' ಅಂತ ಹೆಸರಿಟ್ಟರು. ಅದನ್ನ ತೆಗೆಸೋಕೆ 1981ರವರೆಗೆ ಕಾಯಬೇಕಾಯ್ತು.

ಜಜ್ಜುವುದು ಹೇಗೆ? ಲೆಕ್ಕ ನೋಡಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಮರಕ್ಕೆ ಗುದ್ದಿ, ಮುಂಭಾಗ 60 ಸೆಂ.ಮೀ. ಕುಗ್ಗಿ ನಿಂತಿತು ಅನ್ಕೊಳ್ಳಿ. ಆ ಕ್ಷಣ 10 ಕೆ.ಜಿ. ಮಗುವನ್ನ ಹಿಡಿದಿಡೋಕೆ ಸುಮಾರು 160 ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಆಗದ ಮಾತು. ತಾಯಿಯೂ ಬೆಲ್ಟ್ ಹಾಕಿರದಿದ್ರೆ, ಅವಳ ಭಾರವೆಲ್ಲ ಮಗುವಿನ ಮೇಲೇ.

ನಮ್ಮಲ್ಲಿ 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 194ಬಿ ಸೆಕ್ಷನ್ ಸೇರಿಸಿತು. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು. ತಪ್ಪಿದ್ರೆ ಕಾಯ್ದೆಯಲ್ಲಿ 1,000 ರೂಪಾಯಿ ದಂಡ, ಹೊಣೆ ಓಡಿಸುವವರದ್ದು. ಅಂದ್ರೆ ಆ ದಿನ ತಪ್ಪು ಅಕ್ಕನದಲ್ಲ, ನನ್ನದು.

2023ರ ಮಾರ್ಚ್ 12ಕ್ಕೆ ನಮ್ಮ ಜಿಲ್ಲೆಯಲ್ಲೇ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಮದ್ದೂರು, ಮಂಡ್ಯ ದಾಟೋ ಕಾರುಗಳು ಈಗ ಗಂಟೆಗೆ 100 ಕಿ.ಮೀ. ಓಡ್ತವೆ. ವೇಗ ಎರಡು ಪಟ್ಟಾದ್ರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ರಸ್ತೆ ಬದಲಾಯ್ತು, ಮಗು ಮಾತ್ರ ಇನ್ನೂ ತೊಡೆ ಮೇಲೇ ಇದೆ.

ಸೀಟು ತಂದ್ರೆ ಸಾಲದು, ಸರಿಯಾಗಿ ಕಟ್ಟಬೇಕು. ಏರ್‌ಬ್ಯಾಗ್ ಇರೋ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟು ಇಡಬೇಡಿ. ಇಬ್ಬರು ಮಕ್ಕಳಿಗೆ ಒಂದೇ ಬೆಲ್ಟ್ ಸುತ್ತಬೇಡಿ. ಬೆಲ್ಟ್ ಕುತ್ತಿಗೆಗೆ ತಾಗ್ತಿದ್ರೆ ಮಗುವಿಗೆ ಬೂಸ್ಟರ್ ಸೀಟು ಬೇಕು ಅಂತ ಅರ್ಥ.

ನಾವೂ ಸೀಟು ತಂದ್ವಿ. ಮೊದಲ ದಿನ ಮಗ ಅತ್ತ. "ಅಯ್ಯೋ, ಎತ್ಕೊಳ್ರೋ" ಅಂದ್ರು ಅವ್ವ. ಕಾರು ಪಕ್ಕಕ್ಕೆ ನಿಲ್ಲಿಸಿದೆ. ಅವ್ವ ಎತ್ಕೊಂಡು ಸಮಾಧಾನ ಮಾಡಿದ್ರು. ಮತ್ತೆ ಸೀಟಿಗೆ ಕೂರಿಸಿ, ಪಟ್ಟಿ ಬಿಗಿದು ಹೊರಟ್ವಿ. ಹತ್ತು ನಿಮಿಷ ತಡ ಆಯ್ತು, ಆಗ್ಲಿ ಬಿಡಿ.