ಕೆರೆ ಮತ್ತು ಜೌಗು ಪ್ರದೇಶಗಳ ಸಂರಕ್ಷಣೆ: ಕಲಬುರಗಿ ಹಾಗೂ ಕಮಲಾಪುರ ಭಾಗದ ರೈತರಿಗೆ ಸಲಹೆಗಳು

ವರ್ಷದ ಕೆಲಕಾಲವಾದರೂ ನೀರು ನಿಲ್ಲುವ ಅಥವಾ ತೇವದಿಂದ ಕೂಡಿರುವ ನೆಲವನ್ನು ಜೌಗು ಪ್ರದೇಶವೆಂದು ಕರೆಯಲಾಗುತ್ತದೆ. ಕರಾವಳಿಯ ಅಳಿವೆಯಂತೆ ಒಳನಾಡಿನ ಕೆರೆಯೂ ಈ ವರ್ಗಕ್ಕೆ ಸೇರುತ್ತದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕರ್ನಾಟಕದ ತಾಣಗಳಲ್ಲಿ ಅಘನಾಶಿನಿ ಅಳಿವೆಯೊಂದಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗಳೂ ಇವೆ. ಕೊನೆಯ ಎರಡೂ ನೀರಾವರಿಗಾಗಿ ಕಟ್ಟಿದ ಕೆರೆಗಳು. ಬೇಸಾಯಕ್ಕೆ ಒದಗುವ ಕೆರೆಯು ಪಕ್ಷಿಸಂಕುಲಕ್ಕೂ ಆಶ್ರಯವಾಗಬಲ್ಲದೆಂಬುದಕ್ಕೆ ಇವು ನಿದರ್ಶನ.

ಈ ಭಾಗಕ್ಕೆ ಏಕೆ ಮುಖ್ಯ?

ಭೌಗೋಳಿಕ ಸೂಚ್ಯಂಕ ಪಡೆದಿರುವ ಕಮಲಾಪುರದ ಕೆಂಪು ಬಾಳೆಯು ದೀರ್ಘಾವಧಿ ಬೆಳೆ. ನಾಟಿಯಿಂದ ಕೊಯ್ಲಿನವರೆಗೆ ಕನಿಷ್ಠ ಒಂದು ಪೂರ್ಣ ಬೇಸಿಗೆಯನ್ನು ಅದು ದಾಟಲೇಬೇಕು. ಕೆರೆ ಬೇಗ ಬತ್ತಿದರೆ ಸುತ್ತಲಿನ ಬಾವಿಗಳ ನೀರಿನ ಮಟ್ಟ ಕುಸಿದು, ಗೊನೆ ಬಿಡುವ ಮುನ್ನವೇ ತೋಟ ಒಣಗುವ ಅಪಾಯವಿದೆ. 10 ಹೆಕ್ಟೇರ್ ವಿಸ್ತೀರ್ಣದ ಕೆರೆಯಲ್ಲಿ 10 ಸೆಂ.ಮೀ. ಹೂಳು ತುಂಬಿದರೆ ಸುಮಾರು 1 ಕೋಟಿ ಲೀಟರ್ ನೀರಿನ ಸಂಗ್ರಹ ಸಾಮರ್ಥ್ಯ ನಷ್ಟವಾಗುತ್ತದೆ.

ಕೆರೆಯ ಮೇಲ್ಭಾಗದ ಹೊಲಗಳಲ್ಲಿ

• ಹೂಳಿನ ಮೂಲ ಹೊಲದ ಮಣ್ಣೇ. ಆದ್ದರಿಂದ ಉಳುಮೆ ಹಾಗೂ ಬಿತ್ತನೆಯನ್ನು ಇಳಿಜಾರಿಗೆ ಅಡ್ಡಲಾಗಿ ಕೈಗೊಳ್ಳಿರಿ. ಕಪ್ಪು ಭೂಮಿಯಲ್ಲಿ ಮುಂಗಾರಿಗೆ ಮುನ್ನ ಚೌಕು ಮಡಿಗಳನ್ನು ನಿರ್ಮಿಸಿರಿ.
• ಹಳ್ಳದ ದಂಡೆಯಲ್ಲಿ ಉಳುಮೆ ಮಾಡದೆ ಹುಲ್ಲು ಅಥವಾ ಲಾವಂಚದ ಪಟ್ಟಿಯನ್ನು ಉಳಿಸಿಕೊಳ್ಳಿರಿ.
• ತೊಗರಿಯ ಕಾಯಿಕೊರಕಕ್ಕೆ ಔಷಧಿ ಸಿಂಪಡಿಸುವ ಅವಧಿ ಮತ್ತು ವಲಸೆ ಹಕ್ಕಿಗಳು ಬರುವ ಚಳಿಗಾಲ ಒಂದೇ ಸಮಯಕ್ಕೆ ಬರುತ್ತವೆ. ಸಿಂಪರಣಾ ಯಂತ್ರ ಹಾಗೂ ಔಷಧಿ ಡಬ್ಬಿಗಳನ್ನು ಕೆರೆ, ಹಳ್ಳಗಳಲ್ಲಿ ತೊಳೆಯಬಾರದು.

ಹೂಳೆತ್ತುವಾಗ

• ನೀರು ಕಡಿಮೆಯಿರುವ ಏಪ್ರಿಲ್–ಮೇ ತಿಂಗಳು ಸೂಕ್ತ. ಸಂಬಂಧಪಟ್ಟವರ ಅನುಮತಿ ಪಡೆದೇ ಕೆಲಸ ಆರಂಭಿಸಿರಿ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತ್ ಸಂಸ್ಥೆಗಳಿಗೂ ಒಳಪಡುತ್ತವೆ.
• ಏರಿಯ ಬುಡದಲ್ಲಿ ಅಗೆಯಬಾರದು. ತಳದ ಜಿಗುಟು ಮಣ್ಣಿನ ಪದರವನ್ನು ಒಡೆದರೆ ನೀರು ನಿಲ್ಲುವುದಿಲ್ಲ.
• ಕೆರೆಯನ್ನೆಲ್ಲ ಒಂದೇ ಆಳಕ್ಕೆ ತೋಡದೆ, ಅಂಚಿನಲ್ಲಿ ಇಳಿಜಾರಾದ ಆಳವಿಲ್ಲದ ಭಾಗವನ್ನು ಬಿಡಿರಿ. ಮೀನು ಮರಿಗಳು, ಜೊಂಡು ಮತ್ತು ಕೊಕ್ಕರೆಗಳಿಗೆ ಇದೇ ನೆಲೆ.
• ಹೂಳನ್ನು ಹಗುರ ಹಾಗೂ ಗರಸು ಮಣ್ಣಿನ ಹೊಲಗಳಿಗೆ ಪರೀಕ್ಷೆಯ ನಂತರ ಹಾಕಿರಿ. ನೀರು ಬಸಿಯದ ಆಳವಾದ ಕಪ್ಪು ಭೂಮಿಗೆ ಇದು ಸೂಕ್ತವಲ್ಲ.

ಏರಿ ಮತ್ತು ಕಳೆಗಳ ನಿರ್ವಹಣೆ

ಏರಿಯ ಮೇಲೆ ಬಳ್ಳಾರಿ ಜಾಲಿ ಮೊದಲಾದ ಮರಗಳನ್ನು ಬೆಳೆಯಗೊಡಬಾರದು. ಬೇರುಗಳ ಜಾಡಿನಲ್ಲಿ ನೀರು ಸೋರಿ ಏರಿ ದುರ್ಬಲವಾಗುತ್ತದೆ. ಮಳೆಗಾಲಕ್ಕೆ ಮುನ್ನ ಕೋಡಿ ಮತ್ತು ತೂಬನ್ನು ಸ್ವಚ್ಛಗೊಳಿಸಿರಿ. ಅಂತರಗಂಗೆಯನ್ನು ಹೂ ಬಿಡುವ ಮುನ್ನವೇ ಬೇರುಸಹಿತ ತೆಗೆಯಿರಿ. ಅದರ ಬೀಜಗಳು ಕೆಸರಿನಲ್ಲಿ ಹಲವು ವರ್ಷ ಜೀವಂತವಾಗಿರುತ್ತವೆ. ತೆಗೆದ ಕಳೆಯನ್ನು ದಂಡೆಯಲ್ಲಿಯೇ ಬಿಡದೆ ದೂರ ಸಾಗಿಸಿ ಕಾಂಪೋಸ್ಟ್ ಮಾಡಬಹುದು.

ನಗರದ ಕೆರೆಗಳು

ಕಲಬುರಗಿಯ ಶರಣಬಸವೇಶ್ವರ ಕೆರೆಯಂತಹ ನಗರದ ಕೆರೆಗಳಿಗೆ ಕ್ರಮವೇ ಬೇರೆ. ಚರಂಡಿ ನೀರು ಸೇರುವ ಕೆರೆಯಲ್ಲಿ ಮೊದಲು ಒಳಹರಿವನ್ನು ತಡೆಯಬೇಕು. ಇಲ್ಲವಾದರೆ ತೆಗೆದ ಕಳೆ ಮತ್ತೆ ಹಬ್ಬುತ್ತದೆ. ಇಂತಹ ಕೆರೆಗಳ ಹೂಳು ಮತ್ತು ಕಳೆಯಲ್ಲಿ ಭಾರಲೋಹಗಳಿರುವ ಸಾಧ್ಯತೆಯಿರುವುದರಿಂದ ತರಕಾರಿ ಬೆಳೆಗಳಿಗೆ ಬಳಸಬಾರದು. ಬಣ್ಣ ಹಾಗೂ ಪ್ಲಾಸ್ಟರ್‌ನ ಗಣೇಶ ಮೂರ್ತಿಗಳನ್ನು ಕೆರೆಯಲ್ಲಿ ವಿಸರ್ಜಿಸಬಾರದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

2017ರ ಕೇಂದ್ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯೆಯಿಂದ ನೀರಾವರಿ ಹಾಗೂ ಕುಡಿಯುವ ನೀರಿಗಾಗಿಯೇ ನಿರ್ಮಿಸಿದ ಜಲಕಾಯಗಳನ್ನು ಹೊರಗಿಡಲಾಗಿದೆ. ಆದ್ದರಿಂದ ಊರ ಕೆರೆಗಳ ರಕ್ಷಣೆಗೆ ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯೇ ಮುಖ್ಯ ಆಧಾರ. ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ, ಕೆರೆಯ ಗಡಿಯನ್ನು ಸರ್ವೆ ಮಾಡಿಸಿ ಗುರುತುಕಲ್ಲು ನೆಡಿಸುವುದು ಮೊದಲ ಹೆಜ್ಜೆಯಾಗಲಿ. ಗಡಿ ನಿಶ್ಚಯವಾಗದ ಕೆರೆಯಲ್ಲಿ ಹೂಳೆತ್ತಿದರೂ ಒತ್ತುವರಿ ನಿಲ್ಲದು. ಫೆಬ್ರವರಿ 2ರ ವಿಶ್ವ ಜೌಗು ಪ್ರದೇಶ ದಿನದಂದು ನೀರಿನ ಮಟ್ಟ, ಕಳೆ ಮತ್ತು ಪಕ್ಷಿಗಳನ್ನು ಪ್ರತಿವರ್ಷ ದಾಖಲಿಸುವುದು ಉಪಯುಕ್ತ.

ಮಣ್ಣು ಪರೀಕ್ಷೆ ಹಾಗೂ ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.