ಎಣ್ಣೂರು: ನಕ್ಷೆಯಿಂದ ಮಾಯವಾದ ಹಿನ್ನೀರು

ಚೆನ್ನೈನ ಉತ್ತರ ತುದಿಯಲ್ಲಿ ಕೊಸಸ್ಥಲೈ ನದಿ ಕಡಲು ಸೇರುವ ಅಳಿವೆಯೇ ಎಣ್ಣೂರು. ಇಲ್ಲಿಂದ ಪುಲಿಕಾಟ್ ಸರೋವರದ ಕಡೆಗೆ ಉಪ್ಪುನೀರಿನ ಹಿನ್ನೀರು ಚಾಚಿದೆ. ಇಲ್ಲಿ ತಯಾರಾದ ಕರೆಂಟು, ಗೊಬ್ಬರ ಊರಾಚೆ ಹೋಗುತ್ತವೆ; ಬೂದಿ, ಎಣ್ಣೆ, ದುರ್ವಾಸನೆ ಊರಲ್ಲೇ ಉಳಿಯುತ್ತವೆ.

ನೆಲ, ನೀರು, ಜನ

ಉಬ್ಬರದಲ್ಲಿ ತುಂಬಿ ಇಳಿತದಲ್ಲಿ ಕೆಸರಾಗುವ ನೆಲವಿದು. ಉತ್ತರ ಕನ್ನಡದ ಉಪ್ಪುನೀರಿನ ಗಜನಿ ಗದ್ದೆ ಕಂಡವರಿಗೆ ಇದರ ಸ್ವಭಾವ ಅರ್ಥವಾಗುತ್ತದೆ. ಕಾಟ್ಟುಕುಪ್ಪಂ, ಮುಗತ್ವಾರಕುಪ್ಪಂ ಮೊದಲಾದ ಊರುಗಳ ಮೀನುಗಾರರಿಗೆ ಸಿಗಡಿ, ಏಡಿ ಕೊಡುವುದು ಈ ಹಿನ್ನೀರು. ಇರುಳ ಬುಡಕಟ್ಟಿನವರು ಕೆಸರಲ್ಲಿ ಕೈಯಾಡಿಸಿಯೇ ಸಿಗಡಿ ಹಿಡಿಯುತ್ತಾರೆ. ಮಳೆಗಾಲದಲ್ಲಿ ನೆರೆನೀರು ಇಳಿಯಬೇಕಾದ್ದೂ ಇಲ್ಲಿಗೇ.

‘ಪೊರಂಬೋಕು’ ಎಂಬ ಹಣೆಪಟ್ಟಿ

ತಮಿಳುನಾಡಿನ ಕಂದಾಯ ದಾಖಲೆಗಳಲ್ಲಿ ಇಂಥ ಜಾಗ ‘ಪೊರಂಬೋಕು’. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದ ದಾಖಲೆಗಳಲ್ಲಿ ಇದೇ ಪದ ‘ಪರಂಬೋಕು’. ಕಂದಾಯವಿಲ್ಲದ, ಎಲ್ಲರ ಬಳಕೆಗೆ ಬಿಟ್ಟ ಭೂಮಿ ಎಂಬುದು ಅದರ ಅರ್ಥ. ಆಡುಮಾತಿನಲ್ಲಿ ಅದು ಕೆಲಸಕ್ಕೆ ಬಾರದವನನ್ನು ಬೈಯುವ ಮಾತಾಯಿತು. ಎಲ್ಲರದ್ದಾದ ಜಾಗವನ್ನು ಯಾರದ್ದೂ ಅಲ್ಲದ ಜಾಗವೆಂದು ಕಂಡ ಮೇಲೆ ಅಲ್ಲಿ ವಿದ್ಯುತ್ ಸ್ಥಾವರಗಳ ಬೂದಿ ಸುರಿಯಲು ಹಿಂಜರಿಕೆ ಇರುವುದಿಲ್ಲ. 2017ರಲ್ಲಿ ಗಾಯಕ ಟಿ.ಎಂ. ಕೃಷ್ಣ ‘ಚೆನ್ನೈ ಪೊರಂಬೋಕು ಪಾಡಲ್’ ಹಾಡಿ ಎಣ್ಣೂರಿನ ಪ್ರಶ್ನೆಯನ್ನು ಕರ್ನಾಟಕ ಸಂಗೀತದ ಕೇಳುಗರ ಮುಂದಿಟ್ಟರು.

ಕೈಗಾರಿಕೆಗಳ ಸಾಲು

1970ರಲ್ಲಿ ಆರಂಭವಾದ ಎಣ್ಣೂರು ಉಷ್ಣ ವಿದ್ಯುತ್ ಸ್ಥಾವರ 2017ರಲ್ಲಿ ಮುಚ್ಚಿತು. ಅಷ್ಟರಲ್ಲಿ ಉತ್ತರ ಚೆನ್ನೈ ಸ್ಥಾವರ, 1,500 ಮೆಗಾವ್ಯಾಟ್‌ನ ವಲ್ಲೂರು ಸ್ಥಾವರ, 2001ರಲ್ಲಿ ಶುರುವಾದ ಕಾಮರಾಜರ್ ಬಂದರು, ಕಾಟ್ಟುಪಳ್ಳಿ ಬಂದರು ಎದ್ದಿದ್ದವು. ಕಾಟ್ಟುಪಳ್ಳಿ 2018ರಲ್ಲಿ ಅದಾನಿ ಸಮೂಹದ ಕೈಸೇರಿತು.

ನಕ್ಷೆಯ ವಿವಾದ

1996ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಕರಾವಳಿ ನಕ್ಷೆಯಲ್ಲಿ ಸುಮಾರು 6,500 ಎಕರೆ ಹಿನ್ನೀರು ನಿರ್ಮಾಣ ನಿಷಿದ್ಧ ವಲಯವಾಗಿತ್ತು. 2017ರಲ್ಲಿ ಮಾಹಿತಿ ಹಕ್ಕಿನಡಿ ರಾಜ್ಯದ ಅಧಿಕಾರಿಗಳು ಕೊಟ್ಟ ನಕ್ಷೆಯಲ್ಲಿ ಆ ಹಿನ್ನೀರೇ ಕಾಣಲಿಲ್ಲ. ಹೋರಾಟಗಾರರು ಇದನ್ನು ವಂಚನೆ ಎಂದರು. ನಕ್ಷೆಯಲ್ಲಿ ನೀರಿಲ್ಲದಿದ್ದರೆ ಅದನ್ನು ಕಾಯುವ ಕಾನೂನಿಗೂ ಅಲ್ಲಿ ಕೆಲಸವಿಲ್ಲ.

ಅವಘಡಗಳು

2017ರ ಜನವರಿ 28ರಂದು ಕಾಮರಾಜರ್ ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ಚೆಲ್ಲಿತು. ಬಕೆಟ್ ಹಿಡಿದು ಅದನ್ನು ಬಾಚಿದವರು ಮನುಷ್ಯರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಮಣಲಿ ಕೈಗಾರಿಕಾ ಪ್ರದೇಶದ ಕಡೆಯ ಎಣ್ಣೆ ಬಕಿಂಗ್‌ಹ್ಯಾಮ್ ಕಾಲುವೆ ಮೂಲಕ ಹಿನ್ನೀರಿಗೆ ಬಂದು ದೋಣಿ, ಬಲೆ, ಕಾಂಡ್ಲಾಗಿಡಗಳಿಗೆ ಮೆತ್ತಿತು. ಅದೇ ತಿಂಗಳ 26ರ ನಡುರಾತ್ರಿ ಕೋರಮಂಡಲ್ ಇಂಟರ್‌ನ್ಯಾಷನಲ್ ಗೊಬ್ಬರ ಕಾರ್ಖಾನೆಯ ಕಡಲಡಿ ಕೊಳವೆಯಿಂದ ಅಮೋನಿಯಾ ಸೋರಿತು. ಹತ್ತಿರದ ಪೆರಿಯಕುಪ್ಪಂ ಜನ ಉಸಿರುಗಟ್ಟಿ ಬೀದಿಗೆ ಓಡಿದರು. ಹಲವರು ಆಸ್ಪತ್ರೆ ಸೇರಿದರು.

ಹಕ್ಕು ಯಾರ ಕೈಯಲ್ಲಿ?

ಶುದ್ಧ ನೀರು, ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ, ಬೂದಿಯಿಂದ ಹಾಳಾದ ಹಿನ್ನೀರನ್ನು ಸರಿಪಡಿಸಲು ಆದೇಶಿಸಿತು. ಆ ಬೂದಿ ಸರ್ಕಾರಿ ವಿದ್ಯುತ್ ಸಂಸ್ಥೆಯದ್ದು. ಮಲಿನಗೊಳಿಸುವವನೂ ತಡೆಯಬೇಕಾದವನೂ ಒಂದೇ ಮನೆಯವರಾದರೆ ದೂರು ಕೊಡುವವನು ಎರಡು ಬಾರಿ ಸೋಲುತ್ತಾನೆ.

ಅಮೆರಿಕದ ಪಾಠ, ಕರಾವಳಿಯ ಪಾಠ

ಅಮೆರಿಕದ ನಾರ್ತ್ ಕೆರೊಲಿನಾದ ವಾರನ್ ಕೌಂಟಿಯಲ್ಲಿ, ಕಪ್ಪು ಜನರೇ ಹೆಚ್ಚಿದ್ದ ಕಡೆ ವಿಷಮಣ್ಣು ಹೂಳಲು ಬಂದ ಲಾರಿಗಳಿಗೆ 1982ರಲ್ಲಿ ಜನ ಅಡ್ಡ ಮಲಗಿದರು. 1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ ಆದೇಶ ಹೊರಡಿಸಿದರು. 2025ರಲ್ಲಿ ಟ್ರಂಪ್ ಅದನ್ನು ರದ್ದುಮಾಡಿದರು. ಅಲ್ಲಿ ಮೈಬಣ್ಣ ನೋಡಿ ಕಸದ ಜಾಗ ಆರಿಸಿದರು. ಇಲ್ಲಿ ಜಾತಿ, ಕಸುಬು ಆ ಕೆಲಸ ಮಾಡುತ್ತವೆ.

ಕರ್ನಾಟಕದ ಕರಾವಳಿಯಲ್ಲೂ ಇದೇ ಕಥೆ: ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಹಸಿರು ನ್ಯಾಯಮಂಡಳಿಯ ಇದೇ ದಕ್ಷಿಣ ಪೀಠ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ತದಡಿಯಲ್ಲಿ ಮಾತ್ರ ಬೃಹತ್ ವಿದ್ಯುತ್ ಯೋಜನೆಯನ್ನು ಜನ ಎದ್ದು ನಿಂತು ತಡೆದರು. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿ ಇಂದಿಗೂ ಹೆಂಗಸರು ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ. ಎಣ್ಣೂರಿನ ಕೆಸರಿನಲ್ಲಿ ಕೈಯಿಟ್ಟವರಿಗೆ ಸಿಗಡಿಗಿಂತ ಮೊದಲು ಹಾರುಬೂದಿ ಸಿಗುತ್ತದೆ.